ಚುನಾವಣಾ ಶಾಖೆಯಲ್ಲಿ ಹೊರಗುತ್ತಿಗೆ ಆಪರೇಟರ್ ಕೆಲಸ: ಸೇರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು (ವಿಜಯಪುರ ಜಿಲ್ಲೆ): ಬಿ.ಕಾಂ ಆಗಿದೆ. ತಾಲೂಕು ಕಚೇರಿಯ ಚುನಾವಣಾ ಶಾಖೆಗೆ ಏಜೆನ್ಸಿ ಮೂಲಕ ಡಾಟಾ ಎಂಟ್ರಿ ಆಪರೇಟರ್ ಬೇಕಂತೆ. ಈಗ ಝೆರಾಕ್ಸ್ ಅಂಗಡಿಯಲ್ಲಿದ್ದೇನೆ. ಸಂಬಳ ಕಡಿಮೆ, ಆದ್ರೆ ಒಂದನೇ ತಾರೀಖಿಗೆ ಕೈಗೆ ಬರುತ್ತೆ. ಮುಂದೆ ಕಾಯಂ ಆಗಬಹುದು ಅನ್ನೋ ಆಸೆ. ಬಿಟ್ಟು ಸೇರಲಾ?

ಮಾಜಿ ಆಪರೇಟರ್, ಬಾಗಲಕೋಟೆ ಕಡೆ: ಬೇಡ. ನಾನು ಬಿಟ್ಟು ಬಂದವನು. 2024ರ ಲೋಕಸಭೆಗೆ ನಮ್ಮ ಕಡೆ ಮೇ 7ಕ್ಕೆ ಮತದಾನ. ಮಾರ್ಚ್‌ನಲ್ಲಿ ನೀತಿಸಂಹಿತೆ ಬಂದ ಮೇಲೆ ಭಾನುವಾರ ಅನ್ನೋದೇ ಇಲ್ಲ. ಹೊಸ ಹೆಸರು ಸೇರಿಸೋ ಫಾರಂ 6, ತಿದ್ದುಪಡಿಯ ಫಾರಂ 8, ಸಿಬ್ಬಂದಿಯ ಆದೇಶ ಪತ್ರ ಎಲ್ಲಾ ನಮ್ಮ ತಲೆಗೇ. ರಾತ್ರಿ ಕೊನೇ ಬಸ್ ಹೋದ ಮೇಲೆ ವರದಿ ಕೇಳ್ತಾರೆ. ಊರಿಗೆ ಆಟೊ ನನ್ನ ದುಡ್ಡಲ್ಲೇ. ಸಂಬಳ ಕೇಳಿದ್ರೆ ಏಜೆನ್ಸಿಯವರು 'ಬಿಲ್ ಪಾಸಾಗಿಲ್ಲ' ಅಂತಾರೆ. ಕಚೇರಿಯವರು 'ನೀನು ಏಜೆನ್ಸಿ ಹುಡುಗ, ಅಲ್ಲೇ ಕೇಳು' ಅಂತಾರೆ. ಏಪ್ರಿಲ್ ಸಂಬಳ ಬಂದದ್ದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ಹೆಂಡತಿಯ ಬೋರಮಾಳ ಸರ ಅಡವು ಇಟ್ಟಾಗಿತ್ತು. ಪಿಎಫ್ ಅಂತ ಶೇ 12 ಹಿಡಿದಿದ್ರು, ಪಾಸ್‌ಬುಕ್ ನೋಡಿದ್ರೆ ಜಮಾನೇ ಇಲ್ಲ. ಏಜೆನ್ಸಿ ಬದಲಾಯ್ತು, ಹಳೆಯವರು ಫೋನ್ ಎತ್ತಲಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ, ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ನೋಡುವವರು): ಅಣ್ಣಾ, ನಿಮಗೆ ಫ್ಯಾನ್ ಕೆಳಗೆ ಕುರ್ಚಿಯಾದ್ರೂ ಇತ್ತು. ನಮಗೆ ವರ್ಷಕ್ಕೆ 6,000 ಇದ್ದದ್ದನ್ನು 2025ರಲ್ಲಿ 12,000 ಮಾಡಿದ್ರು. ತಿಂಗಳಿಗೆ ಸಾವಿರ. ಮೊಬೈಲ್ ಡಾಟಾ, ಝೆರಾಕ್ಸ್, ಗಾಡಿ ಪೆಟ್ರೋಲ್ ಎಲ್ಲಾ ಅದರಲ್ಲೇ. ತೋಟದ ವಸ್ತಿಗಳಿಗೆ ಹೋದ್ರೆ ಬೀಗ, ಮಂದಿ ಕಬ್ಬು ಕಡಿಯೋಕೆ ಹೋಗಿರ್ತಾರೆ. ಸತ್ತವರ ಹೆಸರು ತೆಗೆಯೋಕೆ ಫಾರಂ 7 ಹಿಡಿದ್ರೆ, ರೇಷನ್ ಹೋಗುತ್ತೆ ಅಂತ ಮಗ ಜಗಳಕ್ಕೆ ಬರ್ತಾನೆ. ಆಮೇಲೆ ಮತದಾರರನ್ನ, ಇಲ್ಲಾಂದ್ರೆ ಅವರ ಅಪ್ಪ-ಅವ್ವನ್ನ 2002ರ ಮತದಾರರ ಪಟ್ಟಿ ಜೊತೆ ಹೊಂದಿಸಿ ಅಂದ್ರು. ನಮ್ಮೂರ ಸೊಸೆಯಂದಿರ ತವರು ಸೊಲ್ಲಾಪುರ ಕಡೆ. ಅವರ ಅಪ್ಪ-ಅವ್ವನ ಹೆಸರು ಮರಾಠಿ ಪಟ್ಟಿಯಲ್ಲಿ ನಾನು ಹುಡುಕಬೇಕು!

ಪ್ರೌಢಶಾಲೆ ಶಿಕ್ಷಕ: ಅಕ್ಕಾರ, ಒಮ್ಮೆ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಡ್ಯೂಟಿ ಮಾಡಿ ನೋಡಿ. ದಿನಕ್ಕೆ 350 ಇತ್ತು, ಈಗ 500 ಅಂತ ಆಗಿದೆ. ಏಳಕ್ಕೆ ಮತದಾನ ಅಂದ್ರೆ ಐದೂವರೆಗೆ ಅಣಕು ಮತದಾನ, ಕನಿಷ್ಠ 50 ವೋಟು ಹಾಕಿ ತೋರಿಸಬೇಕು. ಸಂಜೆ ಡಿಮಸ್ಟರಿಂಗ್‌ನಲ್ಲಿ, ಅಂದ್ರೆ ಮತಯಂತ್ರ ವಾಪಸ್ ಒಪ್ಪಿಸೋ ಕಡೆ, ಉದ್ದ ಸಾಲು. ಬಿದ್ದ ಮತಗಳ ಲೆಕ್ಕದ ಫಾರಂ 17ಸಿಯಲ್ಲಿ ಒಂದು ಅಂಕಿ ಹೊಂದದಿದ್ರೆ ಪೆಟ್ಟಿಗೆ ಹೊತ್ತು ಅಲ್ಲೇ ನಿಲ್ಲಬೇಕು. ಶುಗರ್ ಇದ್ದವನು ನಾನು, ಮಧ್ಯಾಹ್ನದ ಊಟ ಬಂದದ್ದು ನಾಲ್ಕಕ್ಕೆ.

ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಒ: ಸರ್, ನಿಮ್ಮದು ಚುನಾವಣೆ ಬಂದಾಗ ಎರಡು ದಿನ. ನಮ್ಮದು ವರ್ಷಪೂರ್ತಿ. ನಿಮಗೆ ತಿಂಗಳ ಸಂಬಳ ತಪ್ಪಲ್ಲ. ನಮ್ಮ ಅಂಗನವಾಡಿ ದುಡಿಮೆಗೂ ಗೌರವಧನ, ಇದಕ್ಕೂ ಗೌರವಧನ.

ಈಗಲೂ ಅಲ್ಲೇ ಇರುವ ಆಪರೇಟರ್, ಬೆಳಗಾವಿ ಜಿಲ್ಲೆ: ತಮ್ಮಾ, ಎಲ್ಲಾ ಕಡೆ ಹಂಗಿರಲ್ಲ. ಯಾವ ಮತಗಟ್ಟೆಯಲ್ಲಿ ಎಷ್ಟು ಮತದಾರರು ಅಂತ ಸಾಹೇಬರು ನನ್ನನ್ನೇ ಕೇಳ್ತಾರೆ. ಆ ಹೆಮ್ಮೆ ನನಗಿದೆ. ಕಾಯಂ ಆಸೆ ಮಾತ್ರ ಬಿಡು. 2006ರ ಉಮಾದೇವಿ ಪ್ರಕರಣ ನಮ್ಮ ರಾಜ್ಯದ್ದೇ. ತಾತ್ಕಾಲಿಕ ನೌಕರರಿಗೆ ಕಾಯಂ ಕೇಳೋ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ನೇಮಕ ಪತ್ರ, ಯುಎಎನ್ (ಪಿಎಫ್ ಖಾತೆ ನಂಬರ್), ಇಎಸ್‌ಐ (ಆರೋಗ್ಯ ವಿಮೆ) ನಂಬರ್ ಕೈಗೆ ಬರೋ ತನಕ ಅಂಗಡಿ ಬಿಡಬೇಡ. ಎಫ್‌ಡಿಎ, ಎಸ್‌ಡಿಎ (ಸರ್ಕಾರಿ ಗುಮಾಸ್ತ ಹುದ್ದೆ) ಪರೀಕ್ಷೆಗೆ ಓದೋದನ್ನೂ ನಿಲ್ಲಿಸಬೇಡ.

ಮಾಜಿ ಆಪರೇಟರ್: ಹೆಮ್ಮೆ ತಗೊಂಡು ಹೋದ್ರೆ ಸಂತೆಯಲ್ಲಿ ಜೋಳ ಕೊಡ್ತಾರಾ? ನಿಮ್ಮ ಮನೆಯಲ್ಲಿ ಇನ್ನೊಂದು ಸಂಬಳ ಇರಬೇಕು.

ಈಗಲೂ ಅಲ್ಲೇ ಇರುವ ಆಪರೇಟರ್: ನನ್ನ ಮನೆ ವಿಷಯ ನಿಮಗ್ಯಾಕ್ರೀ? ನೀವು ಬಿಟ್ಟು ಹೋದ ಕೆಲಸ ಯಾರೋ ಒಬ್ಬರು ಮುಗಿಸಿದ್ದಾರಲ್ಲ, ಅದನ್ನ ನೆನೆಸಿ.

ಶಿಕ್ಷಕ: ಅಕ್ಕಾರ, ಎರಡು ದಿನ ಅಂದ್ರಲ್ಲ, ತರಬೇತಿ ದಿನಗಳನ್ನ ಯಾಕೆ ಬಿಟ್ರಿ?

ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಒ: ತರಬೇತಿ ನಮಗೂ ಇದೆ ಸರ್. ಅವತ್ತು ಅಂಗನವಾಡಿ ಮಕ್ಕಳಿಗೆ ಯಾರು ಅಡುಗೆ ಬಡಿಸ್ತಾರೆ, ಅದನ್ನ ಮೊದಲು ಹೇಳಿ.