ಹಳೇ ಪಿಕಪ್ ಲೋಡ್ ಬಾಡಿಯ ತಳಕ್ಕೆ ತುಕ್ಕು: ಪ್ಯಾಚ್ ಸಾಕಾ?

ಪ್ರಶ್ನೆ: ಕ್ಯಾಬಿನ್ ಕಡೆಯ ಮೂಲೆಯಲ್ಲಿ ತಳಕ್ಕೆ ಅಂಗೈಯಗಲ ತೂತು ಬಿದ್ದಿದೆ, ಸುತ್ತಲೂ ಪೇಂಟ್ ಉಬ್ಬಿದೆ. ಫೈಬರ್ (ರಾಳ ಹಚ್ಚಿದ ಗಾಜಿನ ನಾರಿನ ಬಟ್ಟೆ) ಹಾಕಿ ಮುಚ್ಚಬಹುದಾ, ವೆಲ್ಡಿಂಗೇ ಬೇಕಾ?

ಉತ್ತರ 1: ಫೈಬರ್ ಬೇಡ. ಭಾರ ಬಿದ್ದು ತಗಡು ಅದುರಿದಾಗ ಅಂಚು ಬಿಡುತ್ತೆ, ಸಂದಿಯಲ್ಲಿ ನೀರು ನಿಂತು ಒಳಗೊಳಗೇ ತಿನ್ನುತ್ತೆ. ಉಬ್ಬಿದ ಕಡೆಯೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಬಿಸ್ಕತ್ತಿನ ಹಾಗೆ ಪುಡಿಯಾಗುವ ಜಾಗದಿಂದ 2–3 ಸೆಂ.ಮೀ. ಆಚೆ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ. ಪ್ಯಾಚ್ ಮೂಲ ತಗಡಿನಷ್ಟೇ ದಪ್ಪ ಇರಲಿ, ಮೂಲೆಗಳು ದುಂಡಗಿರಲಿ. ಒಂದೇ ಸಮ ವೆಲ್ಡ್ ಎಳೆದರೆ ತಗಡು ಸೊಟ್ಟಗಾಗುತ್ತೆ, 3 ಸೆಂ.ಮೀ.ಗೊಂದು ಚುಕ್ಕೆ ಎದುರುಬದುರಾಗಿ ಹಾಕಿ, ಆರಲು ಬಿಟ್ಟು ಬಿಟ್ಟು ನಡುವೆ ತುಂಬಿಸಿ.

ಉತ್ತರ 2: ಅದಕ್ಕೂ ಮುಂಚೆ ಬ್ಯಾಟರಿ ನೆಗೆಟಿವ್ ಕಳಚಿ. ಕೆಳಗೆ ಇಂಧನ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಇರಬಹುದು. ಬೋಲ್ಟ್ ಬಿಚ್ಚಿ ಬಾಡಿಯನ್ನೇ ಇಳಿಸುವುದು ವಾಸಿ. ತಳಕ್ಕೂ ಅಡ್ಡಪಟ್ಟಿಗೂ ನಡುವೆ ಕೂತ ಕೆಸರೂ ಆಗ ಕಾಣುತ್ತೆ. ರೋಗದ ಬೇರು ಹೆಚ್ಚಾಗಿ ಅಲ್ಲೇ.

ಉತ್ತರ 3: ವೆಲ್ಡ್ ಉಜ್ಜಿದ ಮೇಲೆ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಅಡಿ ಬಣ್ಣ) ಎರಡು ಕೋಟ್, ಜೋಡಣೆಗೆ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು), ಆಮೇಲೆ ಪೇಂಟ್. ಅಡಿಭಾಗಕ್ಕೂ ಅಷ್ಟೇ. ನೀರು ಇಳಿಯುವ ತೂತುಗಳಿಗೆ ಮಾತ್ರ ಸೀಲರ್ ಮೆತ್ತಬೇಡಿ, ಅದೇ ಮೂಲೆ ಮತ್ತೆ ಕೊಳೆಯುತ್ತೆ.