ಉತ್ತರಗಳಿಗೆ ಕೊಡುವ ಮೆಚ್ಚುಗೆಯ ಅಂಕಗಳನ್ನು ಉಳಿಸಿಕೊಳ್ಳಬೇಕೇ?

ಪ್ರಶ್ನೆ (ಸಿಂಧನೂರು)

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಾವು ಕೆಲವರು ಸೇರಿ ಕೀಟ, ರೋಗ, ಗೊಬ್ಬರದ ವಿಚಾರಗಳನ್ನು ಕೇಳಿ ತಿಳಿಯಲು ಒಂದು ಜಾಲತಾಣ ನಡೆಸುತ್ತಿದ್ದೇವೆ. ಉತ್ತರಿಸುವವರಿಗೆ ಹುರುಪು ಬರಲೆಂದು ಕಳೆದ ಮುಂಗಾರಿನಲ್ಲಿ ಅಂಕಗಳನ್ನು ತಂದೆವು: ಒಂದು ಮೆಚ್ಚುಗೆಗೆ ಹತ್ತು ಅಂಕ, ತಿಂಗಳ ಕೊನೆಗೆ ಹೆಚ್ಚು ಅಂಕ ಪಡೆದವರ ಹೆಸರು ಮುಖಪುಟದಲ್ಲಿ.

ಆಮೇಲೆ ನಡೆದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ರೈತರೊಬ್ಬರು ಗದ್ದೆಯ ನಡುವೆ ದುಂಡಗೆ ಹಳದಿಗಟ್ಟಿದ ಪೈರಿನ ಚಿತ್ರ ಹಾಕಿದರು. ಐದೇ ನಿಮಿಷದಲ್ಲಿ ಒಬ್ಬರು ಯೂರಿಯಾ ಕೊಡಿ ಎಂದು ಬರೆದರು. ಸಂಜೆಯ ಹೊತ್ತಿಗೆ ಅದಕ್ಕೆ ಅರವತ್ತು ಮೆಚ್ಚುಗೆ ಬಂದಿದ್ದವು. ರಾತ್ರಿ ನಮ್ಮ ಹಿರಿಯ ಸದಸ್ಯರೊಬ್ಬರು, ಬುಡ ಬಿಡಿಸಿ ನೀರಿನ ಮಟ್ಟದ ಮೇಲೆ ಪೈರಿನ ರಸ ಹೀರುವ ಕಂದು ಜಿಗಿಹುಳು ಕುಳಿತಿದೆಯೇ ನೋಡಿ, ಇದ್ದರೆ ಯೂರಿಯಾ ಹಾಕಲೇಬೇಡಿ, ಗದ್ದೆಯ ನೀರು ಬಸಿಯಿರಿ ಎಂದು ಬರೆದರು. ಅದಕ್ಕೆ ಬಂದದ್ದು ಮೂರು ಮೆಚ್ಚುಗೆ. ಅಷ್ಟರಲ್ಲಿ ಯೂರಿಯಾ ಬಿದ್ದಾಗಿತ್ತು. ಕೆಲವೇ ದಿನಗಳಲ್ಲಿ ಆ ದುಂಡು ಸುಟ್ಟಂತೆ ಒಣಗಿ ಬದುವಿನವರೆಗೂ ಹರಡಿತು. ಹಿರಿಯರು ಅಂದಿನಿಂದ ಬರೆಯುವುದನ್ನೇ ನಿಲ್ಲಿಸಿದ್ದಾರೆ. ಅಂಕಗಳನ್ನು ಪೂರ್ತಿ ತೆಗೆದುಹಾಕಬೇಕೇ?

ಉತ್ತರ 1 (ಬಳ್ಳಾರಿ)

ನಿಮ್ಮ ಸದಸ್ಯರು ಮೂರ್ಖರಲ್ಲ. ಮೊದಲು ಕಂಡ ಅಂಕಿಯ ಹಿಂದೆ ಹೋಗುವುದು ಎಲ್ಲರ ಸ್ವಭಾವ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸುದ್ದಿ ಹಂಚಿಕೊಳ್ಳುವ ತಾಣವೊಂದರ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳ ಪೈಕಿ ಯಾದೃಚ್ಛಿಕವಾಗಿ ಆರಿಸಿದ ಕೆಲವಕ್ಕೆ, ಪ್ರಕಟವಾದ ಕೂಡಲೇ, ಸಂಶೋಧಕರೇ ಒಂದು ಮೆಚ್ಚುಗೆ ಸೇರಿಸಿದರು. ಆ ಒಂದೇ ಒಂದು ಮೆಚ್ಚುಗೆಯಿಂದ ಅವುಗಳ ಕೊನೆಯ ಅಂಕ ಸರಾಸರಿ ಶೇ. 25ರಷ್ಟು ಏರಿತು. ಹಾಗೆಯೇ ಸೇರಿಸಿದ ತಿರಸ್ಕಾರದ ಮತವನ್ನು ಮಾತ್ರ ಓದುಗರು ಸರಿಪಡಿಸಿಬಿಟ್ಟರು. ಅಂದರೆ ಸುಳ್ಳು ನಿಂದೆಯನ್ನು ಗುಂಪು ತಿದ್ದುತ್ತದೆ, ಸುಳ್ಳು ಹೊಗಳಿಕೆಯನ್ನು ತಿದ್ದುವುದಿಲ್ಲ. ನಿಮ್ಮ ಯೂರಿಯಾದ ಉತ್ತರಕ್ಕೆ ಆದದ್ದು ಇದೇ.

ಆದ್ದರಿಂದ ಮೊದಲ ಒಂದೆರಡು ದಿನ ಅಂಕಿಯನ್ನು ಯಾರಿಗೂ ತೋರಿಸಬೇಡಿ, ಉತ್ತರಗಳ ಕ್ರಮವನ್ನೂ ಕಲಸುತ್ತಿರಿ. ಜನ ವಿಷಯವಾರು ಗುಂಪುಗಳಲ್ಲಿ ಚರ್ಚಿಸುವ ರೆಡ್ಡಿಟ್ ತಾಣದಲ್ಲಿ ಆಯಾ ಗುಂಪಿನ ನಿರ್ವಾಹಕರು ಹೊಸ ಪ್ರತಿಕ್ರಿಯೆಗಳ ಅಂಕವನ್ನು ಹೀಗೆ ಕೆಲಕಾಲ ಮರೆಮಾಡಬಹುದು. ಅದೇ ತಾಣ 2009ರಲ್ಲಿ, ತಡವಾಗಿ ಬಂದ ಒಳ್ಳೆಯ ಮಾತು ಕೆಳಗೇ ಉಳಿಯಬಾರದೆಂದು, ಒಟ್ಟು ಮತಗಳ ಬದಲು ಒಪ್ಪಿದವರ ಪ್ರಮಾಣವನ್ನೂ ಆ ಪ್ರಮಾಣವನ್ನು ಎಷ್ಟು ನಂಬಬಹುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವನ್ನು ತಂದಿತು. ಜನಪ್ರಿಯತೆ ಬೇರೆ, ನಂಬಿಕೆ ಬೇರೆ ಎಂಬುದು ಆ ಸೂತ್ರದೊಳಗೇ ಇದೆ.

ಉತ್ತರ 2 (ಗಂಗಾವತಿ)

ದಯವಿಟ್ಟು ಪೂರ್ತಿ ತೆಗೆಯಬೇಡಿ. ನಾನು ಹೆಣ್ಣುಮಗಳು, ನಾಲ್ಕು ವರ್ಷದಿಂದ ನಮ್ಮ ಹೊಲವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಕಟ್ಟೆಯ ಮೇಲೆ ನನ್ನ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಇಂತಹುದೇ ಒಂದು ತಾಣದಲ್ಲಿ ಹೆಸರಿನ ಪಕ್ಕ ಅಂಕ ಕಂಡ ಮೇಲೆಯೇ, ಕಾಂಡಕೊರಕದ ಬಗ್ಗೆ ನಾನು ಬರೆದದ್ದನ್ನು ಜನ ಓದತೊಡಗಿದರು. ಅಂಕವಿಲ್ಲದಿದ್ದರೆ ಹೊರಗಿನ ಹಿರಿತನವೇ ಒಳಗೂ ಬಂದು ಕೂರುತ್ತದೆ.

ಉತ್ತರ 3 (ಕೊಪ್ಪಳ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಅಂಕವನ್ನು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದು ಇನ್ನೂ ಮುಖ್ಯ. ನಿಮ್ಮಲ್ಲಿ ಮೆಚ್ಚಿದ ಅರವತ್ತು ಮಂದಿಯಲ್ಲಿ ಆ ಗದ್ದೆಗೆ ಇಳಿದವರು ಒಬ್ಬರೂ ಇಲ್ಲ. ಪ್ರೋಗ್ರಾಂ ಬರೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟಾಕ್ ಓವರ್‌ಫ್ಲೋ ತಾಣದಲ್ಲಿ ಓದುಗರ ಒಂದು ಮೆಚ್ಚುಗೆಗೆ 10 ಅಂಕವಾದರೆ, ಪ್ರಶ್ನೆ ಕೇಳಿದವರೇ ಒಪ್ಪಿದ ಉತ್ತರಕ್ಕೆ 15. ಪ್ರೋಗ್ರಾಂ ಓಡಿತೋ ಇಲ್ಲವೋ ಕೂಡಲೇ ತಿಳಿಯುವುದರಿಂದ ಅಲ್ಲಿ ಅದು ಸರಿ. ಬೆಳೆಯ ವಿಚಾರದಲ್ಲಿ ಹದಿನೈದು ದಿನ ಕಾಯಬೇಕು. ಆದ್ದರಿಂದ ಹದಿನೈದನೆಯ ದಿನ ಕೇಳಿದ ರೈತರಿಗೇ ತಾಣದಿಂದ ಒಂದು ಸಂದೇಶ ಹೋಗಲಿ: ಯಾರ ಮಾತಿನಂತೆ ನಡೆದಿರಿ, ಪೈರು ಚೇತರಿಸಿಕೊಂಡಿತೇ? ಆ ಒಂದು ಉತ್ತರಕ್ಕೆ ಉಳಿದೆಲ್ಲ ಮೆಚ್ಚುಗೆಗಿಂತ ಹೆಚ್ಚು ತೂಕ ಇರಲಿ.

ಸಲಹೆ ಕೊಟ್ಟವರು ತಿರುಗಿ ರೈತರಿಗೆ ಅಂಕ ಹಾಕುವ ಅವಕಾಶ ಮಾತ್ರ ಬೇಡ. ಸಾಮಾನು ಕೊಳ್ಳುವ, ಮಾರುವ ಇಬೇ ಜಾಲತಾಣದಲ್ಲಿ ಕೊಳ್ಳುವವರು, ಮಾರುವವರು ಪರಸ್ಪರ ಅಭಿಪ್ರಾಯ ಬರೆಯುತ್ತಿದ್ದಾಗ, ಸೇಡಿಗೆ ಹೆದರಿ ಕೊಂಡವರು ಇದ್ದ ದೋಷವನ್ನು ಹೇಳದೆ ಉಳಿಯುತ್ತಿದ್ದರು. ಕೊನೆಗೆ 2008ರಲ್ಲಿ, ಮಾರುವವರು ಕೊಂಡವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಔಷಧಿ ಅಂಗಡಿಯವರೂ ಸದಸ್ಯರಾಗಿರುತ್ತಾರೆ, ಅವರ ಬಳಿ ರೈತರ ಉದ್ರಿಯೂ ಇರುತ್ತದೆ. ಈ ಭಯ ನಮ್ಮಲ್ಲಿ ಇನ್ನೂ ಹೆಚ್ಚು.

ಪ್ರಶ್ನೆ ಕೇಳಿದವರು (ಸಿಂಧನೂರು)

ಮೂವರಿಗೂ ಮನಸಾರೆ ಕೃತಜ್ಞನಾಗಿದ್ದೇನೆ. ತಿಂಗಳ ಪಟ್ಟಿಯನ್ನು ಇಂದೇ ತೆಗೆದಿದ್ದೇವೆ. ಎರಡು ದಿನ ಅಂಕಿ ಕಾಣದಂತೆ ಮಾಡುವುದಕ್ಕೂ ಹದಿನೈದನೆಯ ದಿನದ ಸಂದೇಶಕ್ಕೂ ತಾಣ ಬರೆದುಕೊಟ್ಟ ಹುಡುಗ ಒಪ್ಪಿದ್ದಾನೆ. ನಿನ್ನೆ ಹಿರಿಯರ ಮನೆಗೂ ಹೋಗಿ ಬಂದೆ. ಅವರು ಅಂಕದ ಮಾತೇ ಎತ್ತಲಿಲ್ಲ. ಆ ಗದ್ದೆಯಲ್ಲಿ ಉಳಿದ ಪೈರಿಗೆ ನೀರು ಬಸಿದರೇ ಎಂದು ಕೇಳಿದರು. ಗದ್ದೆಯವರಿಗೆ ಅಲ್ಲಿಂದಲೇ ಫೋನ್ ಹಚ್ಚಿ ಕೊಟ್ಟೆ.