ಹಾಡುವಾಗ ನನ್ನ ದನಿ ನನಗೇ ತಡವಾಗಿ ಕೇಳುತ್ತಿದೆ, ಏನು ಮಾಡಲಿ?

ಹೊಸದಾಗಿ ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೋ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ತೆಗೆದುಕೊಂಡಿದ್ದೇನೆ. ಕಂಡೆನ್ಸರ್ ಮೈಕ್, ವಿಂಡೋಸ್ ಲ್ಯಾಪ್‌ಟಾಪ್, ರೆಕಾರ್ಡ್ ಮಾಡೋಕೆ ರೀಪರ್ ಸಾಫ್ಟ್‌ವೇರ್. ಹಾಡುವಾಗ ಹೆಡ್‌ಫೋನಿನಲ್ಲಿ ನನ್ನ ದನಿ ತಡವಾಗಿ ಬರುತ್ತದೆ. ನಡುನಡುವೆ ಚಟಪಟ ಸದ್ದು. ರೆಕಾರ್ಡ್ ಆದದ್ದು ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಲ್ಯಾಪ್‌ಟಾಪ್ ಬದಲಾಯಿಸಬೇಕಾ? ಅನುಭವ ಇರುವವರು ಹೇಳಿ.

*

ಲ್ಯಾಪ್‌ಟಾಪ್ ಮಾತು ಸದ್ಯಕ್ಕೆ ಬಿಡಿ, ಮೊದಲು ಡ್ರೈವರ್ ನೋಡಿ. ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಆಡಿಯೋ, ಅದರ ಕೆಳಗೆ ಡಿವೈಸ್ ಅಂತ ಇದೆ. ಅಲ್ಲಿ ವಿಂಡೋಸಿನ ಹಳೆಯ ವೇವ್‌ಔಟ್ ಅಂತ ಇದ್ದರೆ ತಡ ಆಗೋದರಲ್ಲಿ ಆಶ್ಚರ್ಯವೇ ಇಲ್ಲ. ಇಂಟರ್ಫೇಸ್ ಮಾಡಿದ ಕಂಪನಿಯ ಸೈಟಿನಿಂದಲೇ, ತಡ ಕಡಿಮೆ ಮಾಡುವ ಏಸಿಯೋ ಡ್ರೈವರ್ ಇಳಿಸಿಕೊಂಡು, ಇಲ್ಲಿ ಏಸಿಯೋ ಆರಿಸಿ. ಕಂಪನಿಯದ್ದು ಸಿಗದೇ ಹೋದರೆ ಮಾತ್ರ ಏಸಿಯೋ ಫಾರ್ ಆಲ್ ಅನ್ನೋ ಸಾಮಾನ್ಯ ಡ್ರೈವರ್.

ಆಮೇಲೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ (ದನಿಯ ಚೂರು) ಕೂಡಿಟ್ಟುಕೊಂಡು ಕಳಿಸುತ್ತದೆ ಅನ್ನೋದು. ಚಿಕ್ಕದಾದಷ್ಟೂ ತಡ ಕಡಿಮೆ, ಕಂಪ್ಯೂಟರಿಗೆ ಹೊರೆ ಜಾಸ್ತಿ. ಬಫರ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) ಭಾಗಿಸಿದರೆ ಎಷ್ಟು ತಡ ಅಂತ ಗೊತ್ತಾಗುತ್ತದೆ. 48,000 ಹರ್ಟ್ಸ್‌ನಲ್ಲಿ 1024 ಇಟ್ಟರೆ ಸುಮಾರು 21 ಮಿಲಿಸೆಕೆಂಡ್, 128 ಇಟ್ಟರೆ 2.7. ದನಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ ಇಷ್ಟು ತಡ ಸೇರುತ್ತದೆ. ಡ್ರೈವರಿನದ್ದೂ ಮೇಲೊಂದಿಷ್ಟು. 1024ರಲ್ಲಿ ಯಾರು ಹಾಡಿದರೂ ತಾಳ ಜಾರುತ್ತದೆ ಬಿಡಿ. ರೆಕಾರ್ಡ್ ಮಾಡುವಾಗ 128, ಮಿಕ್ಸಿಂಗಿಗೆ ಕೂತಾಗ 1024 ಇರಲಿ.

ನನ್ನನ್ನು ಕೇಳಿದರೆ, ಹಾಡುವವರಿಗೆ ಈ ಬಫರ್ ಗುದ್ದಾಟವೇ ಬೇಡ. ನಿಮ್ಮ ಇಂಟರ್ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಒಂದು ಬಟನ್ ಇದೆಯಾ ನೋಡಿ. ಅದು ಆನ್ ಇದ್ದರೆ ಮೈಕಿನ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೇ ಬರುತ್ತದೆ. ಸಾಫ್ಟ್‌ವೇರಿನ ರಿವರ್ಬ್ (ದನಿಗೆ ಸೇರಿಸುವ ಪ್ರತಿಧ್ವನಿ) ಹಾಡುವಾಗ ಕೇಳಿಸದು, ಅಷ್ಟೇ.

*

ಚಟಪಟ ಸದ್ದಿನ ಬಗ್ಗೆ. ಅದೇ ತುಣುಕನ್ನು ಮತ್ತೆ ಮತ್ತೆ ಪ್ಲೇ ಮಾಡಿ ನೋಡಿ. ಪ್ರತಿ ಸಲವೂ ಅದೇ ಜಾಗದಲ್ಲಿ ಬಂದರೆ ಸದ್ದು ರೆಕಾರ್ಡಿಂಗಿನಲ್ಲೇ ಸೇರಿಬಿಟ್ಟಿದೆ. ಜಾಗ ಬದಲಾಗುತ್ತಿದ್ದರೆ ಟೇಕ್ ಚೆನ್ನಾಗಿಯೇ ಇದೆ, ಪ್ಲೇ ಮಾಡುವಾಗ ಕಂಪ್ಯೂಟರ್ ಏದುತ್ತಿದೆ ಅಷ್ಟೇ. ಆಗ ಬಫರ್ ಒಂದು ಮೆಟ್ಟಿಲು ಏರಿಸಿ, 256.

ಗಟ್ಟಿಯಾಗಿ ಹಾಡಿದಾಗ ಮಾತ್ರ ಬರುತ್ತದೆ ಅಂದರೆ ಅದು ಗೇನ್ (ಇಂಟರ್ಫೇಸ್ ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ) ಜಾಸ್ತಿಯಾದದ್ದು, ಬಫರ್ ಮುಟ್ಟಬೇಡಿ. ಹಾಡಿನ ಅತಿ ಜೋರಿನ ಸಾಲನ್ನೇ ಹಾಡುತ್ತಾ, ಮೀಟರ್ -12 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ಗೇನ್ ತಿರುಗಿಸಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇಷ್ಟು ಕಡಿಮೆ ಇಟ್ಟರೂ ಏನೂ ಕೆಡುವುದಿಲ್ಲ.

ಇನ್ನು ಯುಎಸ್‌ಬಿ ಹಬ್ ಬಳಸುತ್ತಿದ್ದರೆ ತೆಗೆದುಹಾಕಿ, ಕೇಬಲ್ ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ವಿಂಡೋಸಿನ ಪವರ್ ಸೆಟ್ಟಿಂಗ್‌ನಲ್ಲಿ ಪವರ್ ಸೇವಿಂಗ್ ಬಿಟ್ಟು ಹೈ ಪರ್ಫಾರ್ಮೆನ್ಸ್ ಇಡಿ. ವೈಫೈ ಆಫ್ ಮಾಡಿದ ಕೂಡಲೇ ಸದ್ದು ನಿಂತರೆ ವೈಫೈ ಡ್ರೈವರಿನದ್ದೇ ಕಿತಾಪತಿ. ಒಂದೊಂದಾಗಿ ಬದಲಾಯಿಸಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

*

ಎಡಗಿವಿಯದ್ದು ದೋಷವೇ ಅಲ್ಲ. ಟ್ರ್ಯಾಕಿನ ಇನ್‌ಪುಟ್ ಸ್ಟೀರಿಯೋ ಇರಬೇಕು, ಮೋನೋ ಮಾಡಿ ಇನ್‌ಪುಟ್ 1 ಆರಿಸಿ. ಆಗಲೇ ಹಾಡಿದ್ದನ್ನು ಮತ್ತೆ ಹಾಡಬೇಕಿಲ್ಲ. ಐಟಂ ಪ್ರಾಪರ್ಟೀಸ್‌ನಲ್ಲಿ ಚಾನೆಲ್ ಮೋಡ್ ಅನ್ನು ಮೋನೋ ಲೆಫ್ಟ್ ಮಾಡಿದರೆ ಎರಡೂ ಕಿವಿಗೆ ಬರುತ್ತದೆ.

*

ಕೇಳಿದವನೇ ಮತ್ತೆ ಬಂದೆ. ಏಸಿಯೋ ಹಾಕಿದೆ, ಹಬ್ ತೆಗೆದೆ, ಚಟಪಟ ನಿಂತಿತು. ಎಡಗಿವಿಯದ್ದೂ ಸರಿಯಾಯಿತು. ಡೈರೆಕ್ಟ್ ಮಾನಿಟರ್ ಒತ್ತಿದ ಮೇಲೆ ದನಿ ತಕ್ಷಣ ಬರುತ್ತಿದೆ, ಆದರೆ ಡಬಲ್ ಡಬಲ್ ಆಗಿ, ಟೊಳ್ಳು ಟೊಳ್ಳಾಗಿ ಕೇಳುತ್ತದಲ್ಲ?

*

ಎರಡು ದಾರಿಯಿಂದ ಬರುತ್ತಿದೆ, ಅದಕ್ಕೇ. ಒಂದು ನೇರ, ಇನ್ನೊಂದು ರೀಪರ್ ಒಳಗಿಂದ ಸ್ವಲ್ಪ ತಡವಾಗಿ. ಟ್ರ್ಯಾಕಿನ ರೆಕಾರ್ಡ್ ಮಾನಿಟರಿಂಗ್ ಆಫ್ ಮಾಡಿ, ರೆಕಾರ್ಡ್ ಬಟನ್ನಿನ ಪಕ್ಕದಲ್ಲಿರುವ ಪುಟ್ಟ ಸ್ಪೀಕರ್ ಚಿಹ್ನೆ ಅದು. ರೆಕಾರ್ಡಿಂಗಿಗೆ ಏನೂ ಆಗುವುದಿಲ್ಲ, ನಿಮ್ಮ ಕಿವಿಗೆ ಬರುವುದು ಮಾತ್ರ ಬದಲಾಗುತ್ತದೆ.